ಬೇಗ ಹೋಗುವವರ ಸಾಲು

ನನಗೆ ಕಾಯುವುದು ಬರುವುದಿಲ್ಲ. ಕೆಲವರಿಗೆ ಈಜು ಬರುವುದಿಲ್ಲ, ಕೆಲವರಿಗೆ ಹಾಡು ಬರುವುದಿಲ್ಲ, ಹಾಗೆ. ಕಲಿಯಬೇಕೆಂದು ಪ್ರಯತ್ನವೇನೋ ಮಾಡಿದ್ದೇನೆ. ಒಮ್ಮೆ ಯಾರೋ ಹೇಳಿದರೆಂದು ರೈಲಿನಲ್ಲಿ ಕ್ರೋಷ ಹೆಣೆಯಲು ಕೂತೆ. ಮುಗಿಸುವ ಅವಸರದಲ್ಲಿ ನನ್ನ ಚೌಕಗಳೆಲ್ಲ ತ್ರಿಕೋನವಾದವು. ಬಂಗಾರಪೇಟೆಯ ಪಾನಿಪುರಿಗೆ ದೂರದೂರದಿಂದ ಜನ ಬರುತ್ತಾರೆ, ಗಾಡಿಯ ಮುಂದೆ ತಟ್ಟೆ ಹಿಡಿದು ತಪಸ್ಸಿಗೆ ನಿಂತ ಹಾಗೆ ನಿಲ್ಲುತ್ತಾರೆ. ಅದೇ ಊರಿನವಳಾದ ನಾನು ಗಾಡಿಯ ಮುಂದೆ ಐದು ಜನ ಕಂಡರೆ ಮನೆಗೆ ಬಂದು ಮಂಡಕ್ಕಿ ತಿನ್ನುತ್ತೇನೆ.

ತಮಾಷೆಯೆಂದರೆ, ಕಾಯಲು ಬಾರದವರೇ ಎಲ್ಲರಿಗಿಂತ ಹೆಚ್ಚು ಕಾಯುತ್ತಾರೆ. ಬೆಂಗಳೂರಿನ ಕಚೇರಿಗೆ ನಾನು ದಿನಾ ರೈಲಿನಲ್ಲಿ ಹೋಗಿಬರುತ್ತೇನೆ. ಮಾರಿಕುಪ್ಪಂನಿಂದ ಬರುವ ರೈಲಿಗೆ ಅರ್ಧ ಗಂಟೆ ಮೊದಲೇ ಪ್ಲಾಟ್‌ಫಾರ್ಮಿನಲ್ಲಿ ಹಾಜರು. ಹಳಿ ತಿರುಗುವ ಕಡೆಗೆ ಕತ್ತು ಚಾಚಿ ನಿಲ್ಲುತ್ತೇನೆ. ಇಷ್ಟು ವರ್ಷಗಳಲ್ಲಿ ನಾನು ಕತ್ತು ಚಾಚಿದ್ದಕ್ಕೆ ರೈಲು ಒಂದು ನಿಮಿಷ ಬೇಗ ಬಂದದ್ದಿಲ್ಲ. ಕತ್ತಿಗೆ ಮಾತ್ರ ಡಾಕ್ಟರು ಪಟ್ಟಿ ಹಾಕಿದ್ದರು.

ಇಂಥವಳ ಫೋನಿಗೆ ಹೋದ ಚಳಿಗಾಲದಲ್ಲಿ, ವಿಮಾನದ ಟಿಕೆಟ್ ಮಾಡಿಸಿದ ಬೆನ್ನಿಗೇ, ಒಂದು ಸಂದೇಶ ಬಂತು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಉದ್ದದ ಸಾಲು ನಿಲ್ಲಬೇಕಿಲ್ಲ, ಇಷ್ಟು ದುಡ್ಡು ಕಟ್ಟಿದರೆ ಬೇರೆ ಸಾಲಿನಿಂದ ಬೇಗ ಒಳಗೆ ಹೋಗಬಹುದು, ಬೇಕೇ? ಕೆಳಗೆ ಎರಡು ಗುಂಡಿಗಳು: ‘ಬೇಕು’, ‘ಈಗ ಬೇಡ’. ನನ್ನ ಸ್ವಭಾವವನ್ನು ಹುಟ್ಟಿದಾಗಿನಿಂದ ಬಲ್ಲವರು ಯಾರೋ ಬರೆದ ಹಾಗಿತ್ತು.

ಕೋಲಾರದ ಕಡೆಯವರಿಗೆ ಯಾವುದರ ಬೆಲೆಯನ್ನೂ ಟೊಮೆಟೊದಲ್ಲಿ ಅಳೆಯುವ ಚಾಳಿ. ಆ ದುಡ್ಡು ಒಳ್ಳೆಯ ದಿನಗಳಲ್ಲಿ ಒಂದು ಬಾಕ್ಸು ಟೊಮೆಟೊ, ಕೆಟ್ಟ ದಿನಗಳಲ್ಲಿ ಒಂದು ಗಾಡಿ ಟೊಮೆಟೊ. ನಮ್ಮ ಯಜಮಾನರಿಗೆ ಬಿತ್ತನೆ ಬೀಜದ ಅಂಗಡಿ. ಅವರನ್ನು ಕೇಳಿದೆ. ‘ಅಲ್ಲಿ ಬೇಗ ಹೋಗಿ ಏನ್ಮಾಡ್ತೀಯ? ಒಳಗೆ ಕೂತು ಕಾಯ್ತೀಯ ಅಷ್ಟೇ’ ಅಂದರು. ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅದಕ್ಕೇ ಸಿಟ್ಟು ಬಂತು.

ಆದರೆ ಈ ಸಲದ ಅವಸರ ನನ್ನ ಮಾಮೂಲಿನ ಅವಸರವಾಗಿರಲಿಲ್ಲ. ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮಪ್ಪ ವೆಂಕಟರಾಮಪ್ಪನ ಊರು ಕ್ಯಾಸಂಬಳ್ಳಿಯ ಹತ್ತಿರ. ರಾಗಿ ಹೊಲ ಬಿಟ್ಟು ಚಿನ್ನದ ಗಣಿಗೆ ಸೇರಿದ. ಎಲ್ಲರೂ ಅಪ್ಪ ಗಣಿಯೊಳಗೆ ಇಳಿಯುತ್ತಿದ್ದನೆಂದು ತಿಳಿಯುತ್ತಾರೆ. ಇಲ್ಲ, ಅವನು ಒಂದು ದಿನವೂ ಕೆಳಗಿಳಿಯಲಿಲ್ಲ. ಕೆಲಸ ಮುಗಿಸಿ ಮೇಲೆ ಬಂದವರ ಮೈ ತಡವಿ, ಯಾರೂ ಚಿನ್ನದ ಕಲ್ಲು ಹೊರಗೆ ಸಾಗಿಸದ ಹಾಗೆ ನೋಡುವುದು ಅವನ ಕೆಲಸ. ಪಾಳಿ ಬಿಟ್ಟಾಗ ತಗಡಿನ ಶೆಡ್ಡಿನಲ್ಲಿ ಜನ ಸಾಲಾಗಿ ನಿಲ್ಲುತ್ತಿದ್ದರು, ಕೈ ಮೇಲೆತ್ತಿ ಒಬ್ಬೊಬ್ಬರೇ ಮುಂದೆ ಬರುತ್ತಿದ್ದರು. ಅಪ್ಪ ತಲೆಯಿಂದ ಕಾಲಿನವರೆಗೆ ತಡವುತ್ತಿದ್ದ, ಊಟದ ಡಬ್ಬಿ ಬಗ್ಗಿಸಿ ನೋಡುತ್ತಿದ್ದ, ‘ನಡಿ’ ಅನ್ನುತ್ತಿದ್ದ. ಹೀಗೆ ಒಂದು ಪಾಳಿಗೆ ಇನ್ನೂರು ಜನ.

ಮನೆಯಲ್ಲೂ ಅವನದು ಅದೇ ಉದ್ಯೋಗ. ನಾವು ಆಗ ಗಣಿಯ ಕೋರಮಂಡಲ್ ಭಾಗದಲ್ಲಿ, ಕೆಲಸಗಾರರ ಸಾಲುಮನೆಗಳ ಒಂದು ಲೈನಿನಲ್ಲಿದ್ದೆವು. ನಾನು ಅಡುಗೆಮನೆಯಿಂದ ಕಡಲೆಕಾಯಿಬೀಜವನ್ನೋ ಬೆಲ್ಲವನ್ನೋ ಲಂಗದ ಮಡಿಕೆಯಲ್ಲಿಟ್ಟುಕೊಂಡು ಹೊರಗೆ ಬರುವಾಗ ಅಪ್ಪ ಬಾಗಿಲಿಗೆ ಅಡ್ಡ ನಿಂತು ‘ಕೈಯೆತ್ತು’ ಅನ್ನುತ್ತಿದ್ದ. ನಾನು ಕೈಯೆತ್ತಿ ನಿಲ್ಲುತ್ತಿದ್ದೆ. ಅವನು ಕಂಕುಳು ತಡವಿದರೆ ಕಚಗುಳಿಗೆ ನಾನು ಕುಸಿದುಬೀಳುತ್ತಿದ್ದೆ, ಬೆಲ್ಲವೂ ಉರುಳುತ್ತಿತ್ತು. ‘ಮಾಲು ಸಿಕ್ತು!’ ಎಂದು ಅಪ್ಪ ಕೂಗಿ ಅರ್ಧ ತಾನು ತಿನ್ನುತ್ತಿದ್ದ. ನನಗೆ ಒಂಬತ್ತು ತುಂಬಿದ ವರ್ಷ ಈ ಆಟ ನಿಂತುಹೋಯಿತು. ದೊಡ್ಡವಳಾದೆ, ಅದಕ್ಕೆ ನಿಲ್ಲಿಸಿದ ಎಂದುಕೊಂಡಿದ್ದೆ.

ಅದೇ ವರ್ಷ ಇನ್ನೊಂದೂ ನಿಂತಿತು. ಎದುರು ಲೈನಿನಲ್ಲಿ ತಂಗವೇಲು ಮಾಮನ ಮನೆ. ಮಾಮ ಗಣಿಯೊಳಗೆ ಇಳಿಯುತ್ತಿದ್ದವನು, ತಮಿಳಿನವನು. ಅವನ ಮಗಳು ಸೆಲ್ವಿ ನನ್ನ ಕ್ಲಾಸು. ಎರಡು ಮನೆಗೂ ಬಾಗಿಲು ಬೇರೆ ಬೇರೆ ಎನ್ನುವುದೇ ನಮಗೆ ಗೊತ್ತಿರಲಿಲ್ಲ. ಹಸಿವಾದಾಗ ಯಾವ ಮನೆಯಲ್ಲಿ ಒಲೆ ಉರಿಯುತ್ತದೋ ಅಲ್ಲಿಗೆ ಹೋಗುವುದು. ಸೆಲ್ವಿಯ ಅಮ್ಮ ಕಾಮಾಕ್ಷಿ ಕಾಮಾಲೆಯಾಗಿ ತೀರಿಕೊಂಡಳು. ಅದಾದಮೇಲೆ ಮಾಮ ನಮ್ಮ ಮನೆಗೆ ಬರಲಿಲ್ಲ, ಅಪ್ಪನ ಕಡೆಗೆ ಮುಖವೆತ್ತಿ ನೋಡಲಿಲ್ಲ. ಯಾಕೆಂದು ಅಮ್ಮನನ್ನು ಕೇಳಿದೆ. ‘ಕೇಳಬ್ಯಾಡ’ ಅಂದಳು. ನಾನು ಕೇಳಲಿಲ್ಲ, ಅಮ್ಮ ಹೋಗುವವರೆಗೂ ಕೇಳಲಿಲ್ಲ. ಗಣಿ ಮುಚ್ಚಿತು. ನಾವು ಬಂಗಾರಪೇಟೆಗೆ ಬಂದೆವು. ಸೆಲ್ವಿಯ ಗಂಡನಿಗೆ ರಾಂಚಿಯ ಕಡೆ ಕೆಲಸ ಸಿಕ್ಕಿ, ಅವಳು ಮಾಮನನ್ನೂ ಕರೆದುಕೊಂಡು ಹೋದಳು. ನಾವಿಬ್ಬರು ಮಾತ್ರ ಹಬ್ಬಕ್ಕೊಮ್ಮೆ ಫೋನಿನಲ್ಲಿ ಮಾತಾಡಿಕೊಳ್ಳುತ್ತಿದ್ದೆವು.

ಹೋದ ಚಳಿಗಾಲದಲ್ಲಿ ಹಬ್ಬವಿಲ್ಲದ ದಿನ ಅವಳ ಫೋನು ಬಂತು.

‘ಸರೋಜಾ, ಅಪ್ಪನಿಗೆ ತುಂಬ ಹುಷಾರಿಲ್ಲ ಕಣೇ. ಶ್ವಾಸಕೋಶ ಪೂರ್ತಿ ಹೋಗಿದೆ, ಮನೆಗೆ ಕರ್ಕೊಂಡ್ಹೋಗಿ ಅಂದ್ಬಿಟ್ರು. ಮೊನ್ನೆಯಿಂದ ಒಂದೇ ಕೇಳ್ತಾ ಇದಾರೆ, ವೆಂಕಟರಾಮಣ್ಣ ಇದಾನಾ ಅಂತ.’

‘ಇದಾರೆ ಅಂತ ಹೇಳು.’

‘ಹೇಳಿದೆ. ಬರೋಕಾಗತ್ತಾ ಕೇಳು ಅಂದ್ರು.’

ಅಪ್ಪನಿಗೆ ಆಗ ಎಂಬತ್ತಕ್ಕೆ ಎರಡೇ ಕಮ್ಮಿ. ನಾನು ಹೇಳಿದ್ದನ್ನು ಕೇಳಿಸಿಕೊಂಡು ಎದ್ದು ಹಿತ್ತಲಿಗೆ ಹೋದ. ಎರಡು ದಿನ ಬಾಯಿ ಬಿಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನಾನು ರೈಲಿಗೆ ಓಡುತ್ತಿದ್ದಾಗ ಗೇಟಿನ ಹತ್ತಿರ ನಿಂತು, ‘ಅಮ್ಮಯ್ಯಾ, ಟಿಕೆಟ್ ಮಾಡ್ಸು. ರೈಲು ಬ್ಯಾಡ, ಎರಡು ದಿನ ಆಯ್ತದೆ. ಇಮಾನಕ್ಕೇ ಮಾಡ್ಸು’ ಅಂದ. ಬಸ್ಸಿಗೆ ದುಡ್ಡು ದಂಡವೆಂದು ಬಂಗಾರಪೇಟೆಯಲ್ಲಿ ಎಲ್ಲಿಗೂ ನಡೆದೇ ಹೋಗುವ ಮನುಷ್ಯ.

ಇನ್ನೊಂದು ವಿಷಯ. ಅಪ್ಪ ಹಿಂದೊಮ್ಮೆ ಬಿದ್ದು ತೊಡೆಯ ಮೂಳೆ ಮುರಿದಿತ್ತು, ಒಳಗೆ ಉಕ್ಕಿನ ಸರಳು ಇದೆ. ತಪಾಸಣೆಯ ಯಂತ್ರ ಅದಕ್ಕೆ ಕೂಗದೆ ಬಿಡುವುದಿಲ್ಲ ಎಂದು ಯಾರೋ ಹೇಳಿದ್ದರು. ಉದ್ದದ ಸಾಲು, ಆಮೇಲೆ ಯಂತ್ರದ ಕೂಗು, ಆಮೇಲೆ ಅಪ್ಪನ ನಿಧಾನದ ನಡಿಗೆ. ಅಷ್ಟರಲ್ಲಿ ವಿಮಾನ ಹಾರಿದರೆ? ಮರುದಿನದ ಹೊತ್ತಿಗೆ ಮಾಮ ಇರದಿದ್ದರೆ? ನನಗೆ ನಿದ್ದೆ ಬಾರದೆ ಹೋಯಿತು.

ರೈಲಿನ ನಮ್ಮ ಹೆಂಗಸರ ಡಬ್ಬಿಯಲ್ಲಿ ವಿಷಯವನ್ನಿಟ್ಟೆ. ಹೂ ಕಟ್ಟುತ್ತಿದ್ದ ಪದ್ಮಕ್ಕ, ‘ಗಾಲಿಕುರ್ಚಿ ಕೇಳಿ. ವಯಸ್ಸಾದೋರಿಗೆ ದುಡ್ಡಿಲ್ಲದೆ ಕೊಡ್ತಾರೆ, ತಳ್ಕೊಂಡು ನೇರ ಒಳಗೇ ಬಿಡ್ತಾರೆ’ ಅಂದರು. ಅದನ್ನು ಸಂಜೆ ಅಪ್ಪನಿಗೆ ಹೇಳಿದೆ. ‘ಕಾಲಿದ್ದೂ ಕುರ್ಚಿ ಮ್ಯಾಲೆ ಯಾಕೆ ಓಗ್ಲಿ? ನಡೀತೀನಿ’ ಅಂದ. ಅಲ್ಲಿಗೆ ಆ ದಾರಿ ಮುಚ್ಚಿತು.

ಮರುದಿನ ಮಾಲೂರು ದಾಟಿದ ಮೇಲೆ ರೈಲು ಸಿಗ್ನಲ್ಲಿಗೆ ನಿಂತಿತು. ಐದು ನಿಮಿಷ, ಹತ್ತು ನಿಮಿಷ. ಕಿಟಕಿಯಾಚೆ ಒಂದು ಎಮ್ಮೆ ನಮ್ಮನ್ನೇ ನೋಡುತ್ತಾ ಮೆಲುಕು ಹಾಕುತ್ತಿತ್ತು. ನನ್ನ ಮೈಯೆಲ್ಲ ಇರುವೆ ಹರಿದ ಹಾಗಾಯಿತು. ಫೋನು ತೆಗೆದು ‘ಬೇಕು’ ಗುಂಡಿ ಒತ್ತಿಬಿಟ್ಟೆ, ಇಬ್ಬರಿಗೂ. ನಿಂತ ರೈಲಿನಲ್ಲಿ ಕೂತು ವೇಗ ಕೊಂಡವಳು ನಾನು. ಅಪ್ಪನಿಗೆ ಹೇಳಲಿಲ್ಲ.

ಹೊರಡುವ ದಿನ ಅಪ್ಪ ಬಿಳಿ ಅಂಗಿ ತೊಟ್ಟು, ಕೂದಲಿಗೆ ಎಣ್ಣೆ ಹಚ್ಚಿ, ನಾನು ಏಳುವ ಮೊದಲೇ ಜಗಲಿಯ ಮೇಲೆ ಕೂತಿದ್ದ. ಕಾರಿನಲ್ಲಿ ದಾರಿಯುದ್ದಕ್ಕೂ ಒಂದೇ ಒಂದು ಮಾತಾಡಿದ. ಕೋಲಾರ ದಾಟಿದ ಮೇಲೆ, ‘ಅವನಿಗೆ ಬರೀ ಉಸಿರು ಕಟ್ಟೋದಾ, ಇಲ್ಲಾ ನೋವೂ ಐತಾ?’ ಅಂದ. ಗೊತ್ತಿಲ್ಲ ಅಂದೆ. ಹೊಸಕೋಟೆಯ ಹತ್ತಿರ ಲಾರಿಗಳು ನಿಂತು ದಾರಿ ಕಟ್ಟಿತು. ನಾನು ಡ್ರೈವರನ ಸೀಟಿನ ಬೆನ್ನಿಗೆ ಮೊಣಕಾಲು ಒತ್ತುತ್ತಲೇ ಇದ್ದೆನಂತೆ. ‘ಮೇಡಂ, ನೀವು ಒತ್ತಿದ್ರೆ ಗಾಡಿ ಹೋಗಲ್ಲ’ ಅಂದ ಅವನು.

ವಿಮಾನ ನಿಲ್ದಾಣ ತಲುಪಿದಾಗ ನನ್ನ ಲೆಕ್ಕದ ಹೊತ್ತು ಮೀರಿತ್ತು. ಚೀಲ ಒಪ್ಪಿಸಿ ಒಳಗೆ ಬಂದರೆ ತಪಾಸಣೆಯ ಮುಂದೆ ಜನವೋ ಜನ. ಪಟ್ಟಿ ಕಟ್ಟಿದ ಕಂಬಗಳ ನಡುವೆ ಹಾವಿನ ಹಾಗೆ ಸುತ್ತಿ ಸುತ್ತಿ ನಿಂತಿದ್ದರು. ಪಕ್ಕದಲ್ಲಿ ಬೇಗ ಹೋಗುವವರ ಸಾಲು. ಅಲ್ಲಿ ಮೂರೇ ಜನ. ಸಮವಸ್ತ್ರದ ಹುಡುಗಿಯೊಬ್ಬಳು ನನ್ನ ಫೋನು ನೋಡಿ, ನಕ್ಕು, ಕೈ ತೋರಿಸಿದಳು. ದುಡ್ಡಿಗೆ ಸಿಕ್ಕ ಆ ನಗುವಿನಿಂದಲೇ ನನಗೆ ಅರ್ಧ ಸಮಾಧಾನವಾಯಿತು. ನಾಲ್ಕು ಹೆಜ್ಜೆ ಇಟ್ಟು ತಿರುಗಿ ನೋಡಿದರೆ ಅಪ್ಪ ಹಿಂದೆ ಬರುತ್ತಿಲ್ಲ. ಅಲ್ಲೇ ನಿಂತು ಆ ಸಾಲನ್ನೂ ಈ ಸಾಲನ್ನೂ ನೋಡುತ್ತಿದ್ದಾನೆ.

‘ಇದ್ಯಾವ ಗೇಟಮ್ಮಾ?’

‘ಬೇಗ ಹೋಗೋದು ಅಪ್ಪಾ. ದುಡ್ಡು ಕಟ್ಟಿದೀನಿ. ಬಾ.’

‘ಅವರೆಲ್ಲ?’

‘ಅವರು ಕಟ್ಟಿಲ್ಲ.’

‘ಆಪೀಸರ್ ಗೇಟು’ ಅಂದ ಅಪ್ಪ. ಕೋಲೂರಿಕೊಂಡು ಹೋಗಿ ಉದ್ದದ ಸಾಲಿನ ಕೊನೆಯಲ್ಲಿ ನಿಂತುಬಿಟ್ಟ.

ಹೋಗಿ ಪಕ್ಕದಲ್ಲಿ ನಿಂತೆ. ಇನ್ನೇನು ಮಾಡಲಿ? ಎಂಬತ್ತರ ಹತ್ತಿರದ ಅಪ್ಪನನ್ನು ಅಷ್ಟು ಜನರ ಮುಂದೆ ರಟ್ಟೆ ಹಿಡಿದು ಎಳೆಯಲಾದೀತೇ? ಪಿಸುದನಿಯಲ್ಲಿ ಬೇಡಿದೆ, ಗದರಿದೆ. ನಮ್ಮ ಹಿಂದೆ ನೀಲಿ ಟೋಪಿಯ ಒಬ್ಬರು ಬಂದು ನಿಂತರು, ಅವರ ಹಿಂದೆ ಇನ್ನೊಂದು ಸಂಸಾರ. ಸಾಲು ಅರ್ಧ ಹೆಜ್ಜೆ ಸರಿಯಿತು. ನಾನು ಗಡಿಯಾರ ನೋಡಿದೆ. ಮತ್ತೆ ಅರ್ಧ ಹೆಜ್ಜೆ. ಮತ್ತೆ ನೋಡಿದೆ.

‘ಗಣೀಲಿ ಹಿಂಗೇ ಇತ್ತಾ ಅಪ್ಪಾ, ಎರಡು ಗೇಟು?’ ಅಂದೆ, ಅವನನ್ನು ಹೇಗಾದರೂ ಮಾತಿಗೆಳೆಯಬೇಕೆಂದು.

‘ನಮ್ ಶೆಡ್ಡತ್ರ ಇತ್ತು. ಆಪೀಸರ್‌ಗಳು ಆ ಕಡೆಯಿಂದ ಓಗೋರು. ಅವರ ಮೈ ಮುಟ್ಟಂಗಿಲ್ಲ.’ ಸಾಲು ಮುಂದೆ ಹೋಯಿತು, ನಾವೂ ಹೋದೆವು. ‘ತಂಗವೇಲು ಆ ಗೇಟಿಂದ ಬಿಡು ಅಂದ’ ಎಂದ.

‘ಯಾವಾಗ?’

‘ಕಾಮಾಕ್ಷಿ ಓದ ದಿವ್ಸ.’

ಆಮೇಲೆ ಅಪ್ಪ ಹೇಳಿದ್ದು ತುಂಡು ತುಂಡಾಗಿ, ಸಾಲು ಸರಿದಾಗ ನಿಲ್ಲಿಸಿ, ನಿಂತಾಗ ಮುಂದುವರಿಸಿ. ನನ್ನ ಮುಖ ನೋಡಲಿಲ್ಲ, ಮುಂದೆ ನಿಂತವರ ಬೆನ್ನಿನ ಚೀಲವನ್ನೇ ನೋಡುತ್ತಿದ್ದ.

ಅವತ್ತು ತಂಗವೇಲು ಮಾಮ ಬೆಳಗಿನ ಪಾಳಿಯಲ್ಲಿ ಕೆಳಗಿಳಿದಿದ್ದ. ಹೆಂಡತಿ ಆಸ್ಪತ್ರೆ ಸೇರಿ ಮೂರು ದಿನವಾಗಿತ್ತು. ಮಧ್ಯಾಹ್ನದ ಮೇಲೆ ಗಣಿಗೆ ಫೋನು ಬಂತು, ಸ್ಥಿತಿ ಚೆನ್ನಾಗಿಲ್ಲ, ಬೇಗ ಕಳಿಸಿ ಎಂದು. ಪಾಳಿ ಬಿಟ್ಟು ಮೇಲೆ ಬಂದ ಕೂಡಲೇ ಅವನಿಗೆ ಹೇಳಿದರು. ಅವನು ಶೆಡ್ಡಿಗೆ ಓಡಿ ಬಂದ. ಮುಂದೆ ಸಾಲಿನಲ್ಲಿ ಇನ್ನೂರು ಜನ. ತಪಾಸಣೆಗೆ ನಿಂತವನು ಅಪ್ಪ.

‘ಬಂದು ನನ್ ಎರಡು ಕೈಯೂ ಇಡ್ಕೊಂಡ. ಅಣ್ಣಾ, ಆ ಗೇಟಿಂದ ಬಿಟ್ಬಿಡು, ಕಾಮಾಕ್ಷಿಗೆ ಸೀರಿಯಸ್ಸು ಅಂದ.’

‘ನೀನೇನಂದೆ?’

‘ಲೈನಲ್ಲಿ ನಿಂತ್ಕೋ ಅಂದೆ.’

ಸಾಲು ಸರಿಯಿತು, ಇಬ್ಬರೂ ಒಂದು ಹೆಜ್ಜೆ ಇಟ್ಟೆವು.

‘ಅದಕ್ಕೂ ಮುಂಚೆ ಯಾವನೋ ಕಲ್ಲು ಸಾಗ್ಸಿ ಸಿಕ್ಕಾಕೊಂಡಿದ್ದ’ ಎಂದ ಅಪ್ಪ. ‘ತಪಾಸಣೆ ಇಲ್ದೆ ಒಬ್ಬ ಆಚೆ ಓದ್ರೂ ನಿನ್ ಕೆಲ್ಸ ಓಯ್ತು ಅಂತ ನಂಗೆ ಏಳಿದ್ರು. ನಂಗೆ ಬಯ. ನೀನು ಚಿಕ್ಕೋಳು, ನಂಗೆ ಬ್ಯಾರೆ ಕೆಲ್ಸ ಬರಲ್ಲ. ರೂಲ್ಸು ಅಂದ್ರೆ ರೂಲ್ಸು ಕಣ್ಲಾ ಅಂದೆ. ಅವನು ಓಗಿ ನಿಂತ್ಕೊಂಡ. ಜಗಳ ಆಡ್ಲಿಲ್ಲ. ಮುಕ್ಕಾಲು ಗಂಟೆ ನಿಂತ. ಅವನ ಸರದಿ ಬಂತು. ಕೈಯೆತ್ತಿದ. ತಡವಿದೆ, ನಡಿ ಅಂದೆ. ಓಡಿದ. ಅವನು ಓಗೋ ಒತ್ಗೆ ಅವಳು ಕಣ್ಣು ಮುಚ್ಚಿ ಒಂದತ್ತು ನಿಮಿಷ ಆಗಿತ್ತಂತೆ.’

‘ಆಫೀಸರ್ ಗೇಟು ಹೋಗ್ಲಿ. ಅವನನ್ನೇ ಮೊದಲು ಕರೆದು ತಡವಿ ಕಳಿಸಬಹುದಿತ್ತಲ್ಲ ಅಪ್ಪಾ?’

ಬಾಯಿ ತಪ್ಪಿ ಬಂದ ಮಾತು. ಅಪ್ಪ ಆಗ ನನ್ನ ಕಡೆ ತಿರುಗಿದ.

‘ಅದೇ ಕಣಮ್ಮಾ. ಒಂದು ಚಣದ ಕೆಲ್ಸ. ಅವತ್ತು ಒಳೀಲಿಲ್ಲ. ಮಾರನೇ ದಿವ್ಸ ಒಳೀತು. ಅಲ್ಲಿಂದ ದಿನಾ ಒಳೀತದೆ.’

ಅಡುಗೆಮನೆಯ ಬಾಗಿಲಲ್ಲಿ ಅಪ್ಪ ನನ್ನನ್ನು ತಡೆದು ಕೈಯೆತ್ತು ಅನ್ನುವುದನ್ನು ಬಿಟ್ಟದ್ದು ನಾನು ದೊಡ್ಡವಳಾದೆನೆಂದಲ್ಲ ಎಂದು ಆಗ ಗೊತ್ತಾಯಿತು.

ಇಂಥ ಹೊತ್ತಿನಲ್ಲಿ ಒಳ್ಳೆಯ ಮಗಳಾದವಳು ಅಪ್ಪನ ಭುಜ ಹಿಡಿದು ನಿಲ್ಲುತ್ತಿದ್ದಳೋ ಏನೋ. ನಾನು ಗಡಿಯಾರ ನೋಡಿದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ನೋಡಿದೆ. ಸಾಲಿನಲ್ಲಿ ನಾವು ಇನ್ನೂ ಮೊದಲನೆಯ ತಿರುವಿನಲ್ಲೇ ಇದ್ದೆವು. ನನ್ನ ಅವಸರವೇ ಮಾತಾಡಿತೆಂದು ಕಾಣುತ್ತದೆ.

‘ಅಪ್ಪಾ, ಅವತ್ತು ಮಾಮನ್ನ ಲೈನಲ್ಲಿ ನಿಲ್ಲಿಸಿದೆ. ಇವತ್ತು ನೀನೇ ನಿಂತು ಅವನನ್ನ ಕಾಯಿಸ್ತಾ ಇದೀಯ. ಎರಡು ಸಲವೂ ಹೊತ್ತು ಹೋಗಿದ್ದು ಅವನದೇ.’

ಅಪ್ಪ ತಿರುಗಿ ಬೇಗ ಹೋಗುವವರ ಸಾಲಿನ ಕಡೆ ನೋಡಿದ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿದ್ದರೆ ನಾನು ಏನು ಬೇಕಾದರೂ ಕೊಡುತ್ತಿದ್ದೆ.

‘ಇಲ್ಲೇ ನಿಂತ್ರೆ ಇಮಾನ ತಪ್ಪೋದು ನಿಜಾನಾ?’

ನಿಜವಾಗಿ ನನಗೆ ಗೊತ್ತಿರಲಿಲ್ಲ. ‘ತಪ್ಪತ್ತೆ’ ಅಂದೆ.

ಅಪ್ಪ ಕೋಲನ್ನು ಎಡಗೈಗೆ ಬದಲಾಯಿಸಿ ಬಲಗೈಯಲ್ಲಿ ನನ್ನ ಕೈ ಹಿಡಿದ. ‘ನಡಿ ಅಂಗಾರೆ.’

ಹಿಂದಕ್ಕೆ ಹೋಗಲು ದಾರಿಯಿಲ್ಲ, ನಮ್ಮ ಹಿಂದೆ ಜನ ತುಂಬಿದ್ದರು. ಅಪ್ಪ ಪಟ್ಟಿಯ ಕೆಳಗೆ ಬಗ್ಗಿ ನುಸುಳಲು ನೋಡಿದ. ಸರಳು ಹಾಕಿದ ಕಾಲು ಬಗ್ಗಲಿಲ್ಲ. ನೀಲಿ ಟೋಪಿಯವರು, ‘ಇರಿ ತಾತ’ ಎಂದು ಪಟ್ಟಿಯನ್ನು ಕಂಬದಿಂದ ಬಿಚ್ಚಿ ಹಿಡಿದರು. ‘ಏನಾದ್ರೂ ಅರ್ಜೆಂಟಾ?’ ಎಂದು ಕೇಳಿದರು. ‘ಒಬ್ರಿಗೆ ಉಸಾರಿಲ್ಲ’ ಎಂದ ಅಪ್ಪ. ಮಾತು ಸಾಲಿನಲ್ಲಿ ಒಬ್ಬರಿಂದ ಒಬ್ಬರಿಗೆ ದಾಟಿತೆಂದು ಕಾಣುತ್ತದೆ. ಚೀಲಗಳು ಪಕ್ಕಕ್ಕೆ ಸರಿದವು, ಮಗು ಎತ್ತಿಕೊಂಡಿದ್ದ ಹೆಂಗಸೊಬ್ಬಳು ಕಂಬಕ್ಕೆ ಒತ್ತಿ ನಿಂತು ಜಾಗ ಮಾಡಿದಳು. ‘ಹೋಗಿ, ಹೋಗಿ’ ಅಂದರು ಯಾರೋ. ಗೊತ್ತಿಲ್ಲದ ಭಾಷೆಯಲ್ಲೂ ಒಬ್ಬರು ಅದನ್ನೇ ಅಂದರು.

ಈಚೆಗೆ ಬಂದ ಮೇಲೆ ಅಪ್ಪ ತಿರುಗಿ ಆ ಜನರನ್ನು ನೋಡುತ್ತಾ ನಿಂತ.

‘ಇವರಂಗೆ ಅವರೂ ಬಿಡ್ತಿದ್ರು’ ಅಂದ. ‘ನಾನು ಕೇಳಿದ್ರೆ ಇನ್ನೂರು ಜನಾನೂ ಬಿಡ್ತಿದ್ರು.’

ಬೇಗದ ಸಾಲಿನಲ್ಲಿ ಎರಡೇ ನಿಮಿಷ. ಹೆಂಗಸರಿಗೆ ಪರದೆಯ ಹಿಂದೆ ಬೇರೆ ತಪಾಸಣೆ. ನಾನು ಮುಗಿಸಿ ಬರುವ ಹೊತ್ತಿಗೆ ಗಂಡಸರ ಕಡೆ ಯಂತ್ರ ಕೂಗುತ್ತಿತ್ತು. ಅಪ್ಪ ಮರದ ಚಿಕ್ಕ ಮೆಟ್ಟಿಲಿನ ಮೇಲೆ ಹತ್ತಿ ನಿಂತು, ಯಾರೂ ಹೇಳುವ ಮೊದಲೇ ಎರಡು ಕೈಯನ್ನೂ ಅಗಲಕ್ಕೆ ಎತ್ತಿದ್ದ. ಖಾಕಿ ತೊಟ್ಟ ತರುಣನೊಬ್ಬ ತೊಡೆಯ ಹತ್ತಿರ ಯಂತ್ರ ಆಡಿಸಿದ, ಮತ್ತೆ ಕೂಗಿತು. ನಾನು ದೂರದಿಂದಲೇ ‘ಸರಳು, ಒಳಗೆ ಸರಳು’ ಎಂದು ಕೈಯಲ್ಲಿ ತೋರಿಸುತ್ತಿದ್ದೆ. ತರುಣ ನಕ್ಕು ಕೈಯಿಂದ ತಡವಿ, ಅಂಗಿಯ ಮಡಿಕೆ ನೋಡಿ, ಹೋಗಬಹುದು ಎಂದ. ಅಪ್ಪ ಇಳಿಯಲಿಲ್ಲ.

‘ಸೊಂಟದ ಇಂದೆ ನೋಡ್ಲಿಲ್ಲ ನೀನು’ ಅಂದ ಕನ್ನಡದಲ್ಲಿ.

ಆ ತರುಣನಿಗೆ ಕನ್ನಡ ಬಾರದು. ಅಪ್ಪ ತಾನೇ ತಿರುಗಿ ನಿಂತು ಬೆನ್ನು ತೋರಿಸಿದ. ಅವನು ಅಲ್ಲೂ ತಡವಿದ. ಅಪ್ಪ ಸಮಾಧಾನದಿಂದ ಇಳಿದು ಬಂದು, ‘ಕೈ ಮೆತ್ತಗೆ ಐತೆ ಅವನದು. ನಾನು ಅಷ್ಟು ಮೆತ್ತಗೆ ನೋಡ್ತಿರ್ಲಿಲ್ಲ’ ಎಂದ.

ನಮ್ಮ ವಿಮಾನದ ಬಾಗಿಲಿನವರೆಗೆ ಅಪ್ಪನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಹೋದೆ. ಬಾಗಿಲು ಮುಚ್ಚಿಲ್ಲ, ಮುಚ್ಚುವುದಿರಲಿ, ತೆರೆದೇ ಇರಲಿಲ್ಲ. ಜನ ಕುರ್ಚಿಗಳಲ್ಲಿ ಕೂತು ಚಿಪ್ಸು ತಿನ್ನುತ್ತಿದ್ದರು. ನಾನೂ ಕೂತೆ. ಎದ್ದೆ. ಹೋಗಿ ಫಲಕ ನೋಡಿ ಬಂದೆ. ಮತ್ತೆ ಕೂತೆ. ಬಾಗಿಲು ಇನ್ನೂ ತೆರೆದಿರಲಿಲ್ಲ, ಅಷ್ಟರಲ್ಲಿ ನೀಲಿ ಟೋಪಿಯವರು ಕೈಯಲ್ಲಿ ಕಾಫಿ ಹಿಡಿದು ನಿಧಾನವಾಗಿ ಬಂದು ನಮ್ಮೆದುರೇ ಕೂತರು. ಅವರೂ ರಾಂಚಿಗೆ.

‘ಅವರೂ ಬಂದ್ರಲ್ಲಮ್ಮಾ’ ಎಂದ ಅಪ್ಪ.

ನಾನು ಫೋನಿನಲ್ಲಿ ಏನನ್ನೋ ಬಹಳ ಮುಖ್ಯವಾದದ್ದನ್ನು ಹುಡುಕತೊಡಗಿದೆ. ಇಬ್ಬರ ಲೆಕ್ಕದಲ್ಲಿ ಎರಡು ಬಾಕ್ಸು ಟೊಮೆಟೊ ಹೋಯಿತು. ಅದಕ್ಕಿಂತ, ಅಪ್ಪನಿಗೆ ಹೇಳಿದ ಸುಳ್ಳು. ಅದಕ್ಕಿಂತ, ಆ ಮಾತು. ಸಿಕ್ಕಿಬಿದ್ದ ಕಳ್ಳಿಯ ಹಾಗೆ ತಲೆ ತಗ್ಗಿಸಿದ್ದೆ.

‘ಓಗ್ಲಿ ಬಿಡು’ ಅಂದ ಅಪ್ಪ ಸ್ವಲ್ಪ ಹೊತ್ತಾದ ಮೇಲೆ. ‘ಎಷ್ಟು ಒತ್ತು ಉಳಿದೈತೆ ಅಂತ ಯಾರಿಗೆ ಗೊತ್ತು? ಗೊತ್ತಿಲ್ದಾಗ ಬೇಗ ಓಗೋದೇ ಸರಿ.’

ನೀವೂ ಇಂಥ ಗುಂಡಿಯನ್ನು ಒತ್ತಬೇಕೋ ಬೇಡವೋ ಎಂದು ಯೋಚಿಸುತ್ತಿದ್ದರೆ ನಾನು ಹೇಳಬಹುದಾದದ್ದು ಇಷ್ಟೇ: ನಮಗೆ ಆ ದಿನ ಅದು ದಂಡ. ಇನ್ನೊಮ್ಮೆ ಅಂಥ ದಿನ ಬಂದರೆ ನಾನು ಮತ್ತೆ ಒತ್ತುತ್ತೇನೆ. ಇದರಲ್ಲಿ ಲೆಕ್ಕ ಕೂಡುವುದಿಲ್ಲ ಎಂದು ನನಗೂ ಗೊತ್ತು.

ಸೆಲ್ವಿಯ ಮನೆ ಸೇರುವಾಗ ಸಂಜೆ ಮಬ್ಬಾಗುತ್ತಿತ್ತು. ಬಾಗಿಲಲ್ಲೇ ಅವಳು ನನ್ನ ಕೈ ಹಿಡಿದು, ‘ಇದಾರೆ’ ಅಂದಳು. ನನ್ನ ಮುಖದಲ್ಲಿ ಆ ಪ್ರಶ್ನೆ ಅಷ್ಟು ದೊಡ್ಡದಾಗಿ ಬರೆದಿತ್ತೋ ಏನೋ.

ತಂಗವೇಲು ಮಾಮ ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬುಗಳಿಗೆ ಒರಗಿದ್ದ. ಮೂಗಿಗೆ ಕೊಳವೆ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಲೈನಿನುದ್ದಕ್ಕೂ ಓಡುತ್ತಿದ್ದ ಮನುಷ್ಯ ಹೊದಿಕೆಯ ಕೆಳಗೆ ಇದ್ದಾನೋ ಇಲ್ಲವೋ ಎನ್ನುವಷ್ಟಾಗಿದ್ದ. ಕಣ್ಣು ಮಾತ್ರ ಅವೇ. ಅಪ್ಪ ಮಂಚದ ಕಾಲ್ದೆಸೆಯಲ್ಲಿ ನಿಂತ. ಇಬ್ಬರೂ ನೋಡಿಕೊಂಡರು.

‘ವಂದಿಟ್ಟಿಯಾ?’ ಎಂದ ಮಾಮ. ಬಂದೆಯಾ ಎಂದು.

‘ಬಂದೆ ಕಣ್ಲಾ.’

ಕೊಳವೆಯಲ್ಲಿ ಗಾಳಿ ಸುಯ್ ಎನ್ನುತ್ತಿತ್ತು. ಅಪ್ಪ ಕೋಲನ್ನು ಗೋಡೆಗೆ ಒರಗಿಸಿದ. ನಾನು ಹುಟ್ಟಿದಾಗಿನಿಂದ ಅಪ್ಪ ತಂಗವೇಲು ಮಾಮನ ಜೊತೆ ಕನ್ನಡದಲ್ಲೇ ಮಾತಾಡಿದವನು. ಅವನು ತಮಿಳಿನಲ್ಲಿ ಹೇಳಿದರೂ ಇವನು ಕನ್ನಡದಲ್ಲೇ ಉತ್ತರ ಕೊಡುತ್ತಿದ್ದ. ಆ ದಿನ ಅಪ್ಪ ತಮಿಳಿನಲ್ಲಿ ಹೇಳಿದ.

‘ತಪ್ಪು ಎನ್ನೋಡದು ತಂಗವೇಲು. ನಿನ್ನ ಮೊದ್ಲು ಕಳಿಸ್ಬೇಕಿತ್ತು.’ ತಪ್ಪು ನನ್ನದು ಎಂದು. ಎರಡನೆಯ ಮಾತಿಗೆ ಅವನ ತಮಿಳು ಸಾಲದೆ ಕನ್ನಡಕ್ಕೇ ಬಂದ.

ಪರವಾಗಿಲ್ಲ ಬಿಡು ಎಂದು ಮಾಮ ಹೇಳುತ್ತಾನೆಂದು ನಾನು ಕಾದೆ. ಸಾಯುವ ಕಾಲದಲ್ಲಿ ಎಲ್ಲರೂ ಹಾಗೆಯೇ ಹೇಳುತ್ತಾರೆ ಎಂದುಕೊಂಡಿದ್ದೆ.

‘ಔದು’ ಎಂದ ಮಾಮ, ಅವನೂ ಕನ್ನಡದಲ್ಲಿ. ‘ಕಳಿಸ್ಬೇಕಿತ್ತು.’

ಸೆಲ್ವಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಮಾಮ ಒಂದು ಉದ್ದ ಉಸಿರು ಎಳೆದುಕೊಂಡ.

‘ಮರ್ತಿಲ್ಲ ನಾನು. ಮರ್ತೋಯ್ತು ಅಂತ ಸುಳ್ಳು ಏಳಕ್ಕೆ ನಿನ್ನ ಇಷ್ಟು ದೂರ ಕರೆಸ್ಲಿಲ್ಲ.’

‘ಮತ್ಯಾಕೆ ಕರೆಸ್ದೆ?’ ಎಂದ ಅಪ್ಪ.

‘ಕಾಮಾಕ್ಷಿನ ಕಂಡೋರು ಇನ್ಯಾರವ್ರೆ? ಇವ್ಳು ಆಗ ಮಗು. ನಂಗೂ ಈಚೀಚೆಗೆ ಅವ್ಳ ಮುಖ ಸರ್ಯಾಗಿ ಬರಲ್ಲ. ಅವ್ಳ ಇಷ್ಯ ಮಾತಾಡಕ್ಕೆ ನೀನೊಬ್ನೇ ಉಳ್ದಿರೋದು.’

ಅಪ್ಪ ನಿಂತೇ ಇದ್ದ. ಮಾಮ ಹೊದಿಕೆಯೊಳಗೆ ಕಾಲುಗಳನ್ನು ಕಷ್ಟಪಟ್ಟು ಗೋಡೆಯ ಕಡೆಗೆ ಎಳೆದುಕೊಂಡ. ಮಂಚದ ಅಂಚಿನಲ್ಲಿ ಒಬ್ಬರು ಕೂರುವಷ್ಟು ಜಾಗವಾಯಿತು. ಆ ಜಾಗವನ್ನು ಅಂಗೈಯಲ್ಲಿ ತಟ್ಟಿದ.

‘ಉಕ್ಕಾರು.’

ಅಪ್ಪ ಕೂತ. ಸೆಲ್ವಿ ಒಳಗೆ ಹೋಗಿ ಒಲೆ ಆರಿಸಿ ಬಂದು ನೆಲದ ಮೇಲೆ ಕೂತಳು. ಅವಳ ಪಕ್ಕದಲ್ಲಿ ನಾನು.

‘ಮೊದ್ಲಿಂದ ಏಳು’ ಎಂದ ಮಾಮ, ಕಣ್ಣು ಮುಚ್ಚಿಕೊಂಡು.

ಅಪ್ಪ ಗಂಟಲು ಸರಿಮಾಡಿಕೊಂಡ.

‘ನೀನು ಮದ್ವೆ ಮಾಡ್ಕೊಂಡು ಅವ್ಳನ್ನ ಲೈನಿಗೆ ಕರ್ಕೊಂಡು ಬಂದ ದಿವ್ಸ ಬಲು ಗಾಳಿ’ ಎಂದು ಶುರುಮಾಡಿದ. ‘ಜಟಕಾದಿಂದ ಇಳಿಯೋವಾಗ ಸೆರಗು ಮೇಲಕ್ಕೆ ಆರೋಯ್ತು. ನಾವೆಲ್ಲ ನೋಡ್ತಾ ನಿಂತಿದ್ವಿ. ಅವ್ಳು ನಾಚ್ಕೊಳ್ಲಿಲ್ಲ ಕಣ್ಲಾ. ನಕ್ಕುಬಿಟ್ಳು.’